ರಾಜನೂ ಹೋದ, ಕಾಡೂ ಹೋಯಿತು

ಒಂಬತ್ತನೇ ತರಗತಿಯ ಅಷ್ಟೂ ಮಕ್ಕಳನ್ನು ಹಾಕಿಕೊಂಡು ಸಂಗೀತ ನಾಟಕ ಮಾಡಿಸುತ್ತೇನೆ ಎಂದು ನಾನು ಘೋಷಿಸಿದಾಗ ನಮ್ಮ ಯಜಮಾನರು ತಟ್ಟೆಯಿಂದ ತಲೆ ಎತ್ತಿದರು.

“ನೀನು ಲೆಕ್ಕದ ಟೀಚರಲ್ವಾ?”

“ತಾಳ ಅಂದ್ರೆ ಮತ್ತೇನು? ಅದೂ ಲೆಕ್ಕಾನೇ!” ಎಂದೆ. ಅವರು ಮತ್ತೆ ಮುದ್ದೆ ಮುರಿದರು.

ವಿರೂಪಾಕ್ಷಿಪುರದ ಆಚೆಗಿರುವ ನಮ್ಮ ಪ್ರೌಢಶಾಲೆಗೆ ನಾನು ಮೈಸೂರಿನಿಂದ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ವಾರ್ಷಿಕೋತ್ಸವಕ್ಕೆ ಬರಲಿದ್ದ ಇಲಾಖೆಯ ಸಾಹೇಬರು, ನಾಟಕ ಹಿಡಿಸಿದರೆ ರಾಮನಗರದ ಜಿಲ್ಲಾ ವೇದಿಕೆಗೆ ಕಳಿಸುತ್ತೇನೆ ಎಂದಿದ್ದರು. ಅಲ್ಲಿ ಶಾಲು ಹೊದ್ದು ನಿಂತ ನನ್ನ ಚಿತ್ರ ನನಗಾಗಲೇ ಕಾಣತೊಡಗಿತ್ತು!

ನಮ್ಮ ಮಕ್ಕಳು ಅದುವರೆಗೆ ವೇದಿಕೆ ಹತ್ತಿದ್ದು ಬಹುಮಾನದ ಸ್ಟೀಲ್ ಲೋಟ ತೆಗೆದುಕೊಳ್ಳಲು ಮಾತ್ರ. ರಾಜನಾದ ಚೇತನ್‌ಗೆ ಗಂಟಲು ಒಡೆಯುವ ವಯಸ್ಸು. ಒಂದೇ ಸಾಲಿನಲ್ಲಿ ಅಪ್ಪನ ದನಿಯೂ ಅಮ್ಮನ ದನಿಯೂ ಹೊರಡುತ್ತಿತ್ತು. ರಾಣಿ ಸಾನಿಯಾ ಚೆನ್ನಾಗಿಯೇ ಹಾಡುತ್ತಿದ್ದಳು, ಗೋಡೆಯ ಕಡೆ ಮುಖ ಮಾಡಿದರೆ. ಉಳಿದವರನ್ನೆಲ್ಲ ಕಾಡು ಮಾಡಿದೆ. ಆ ಕಾಡಿಗೆ ನಗು ಬಂದರೆ ನಿಲ್ಲುತ್ತಲೇ ಇರಲಿಲ್ಲ.

ಗಂಟಲು ಹರಿಯುವಷ್ಟು ಕೂಗಿ, ಅಂತೂ ಕಲಿಸಿದೆ. ಶುಕ್ರವಾರ ಪ್ರದರ್ಶನ ಎಂದಾಗ ಚೇತನ್ ತಲೆ ಕೆರೆದುಕೊಂಡ.

“ಮೇಡಂ, ಶುಕ್ರವಾರ ಬ್ಯಾಡಿ. ಊರೋರೆಲ್ಲ ಒಂದೇ ದಿನ ರೇಷ್ಮೆ ಮರಿಹುಳ ತಂದವ್ರೆ. ಆವತ್ತಿಗೇ ಹಣ್ಣಾಯ್ತವೆ.”

ಸೀರೆ ಉಡುವುದನ್ನು ಬಿಟ್ಟರೆ ರೇಷ್ಮೆಗೂ ನನಗೂ ಬೇರೆ ಸಂಬಂಧವಿರಲಿಲ್ಲ. “ಕಲೆಗೆ ಹುಳುಗಳು ಅಡ್ಡಿಯಾಗಬಾರದು!” ಎಂದು ಅಪ್ಪಣೆ ಕೊಡಿಸಿದೆ.

ಶುಕ್ರವಾರ ಶಾಮಿಯಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಾಹೇಬರು. ರಾಜ ಮೊದಲ ಹಾಡಿಗೆ ಬಾಯಿ ತೆರೆದನೋ ಇಲ್ಲವೋ, ಹಿಂದಿನಿಂದ ಅವನ ತಾಯಿ ಕೂಗಿದರು.

“ಲೋ ಚೇತ, ಹುಳ ಹಣ್ಣಾಗೋದ್ವು ಕಣ್ಲಾ! ಚಂದ್ರಿಕೆಗೆ ಬುಡಾಕೆ ಕೈ ಸಾಲ್ದು, ಬಾರ್ಲಾ!”

ಹಣ್ಣಾಗಿ ಗೂಡು ಕಟ್ಟಲು ಹೊರಟ ಹುಳ ಸಾಹೇಬರಿಗೂ ಕಾಯುವುದಿಲ್ಲವಂತೆ. ಕೂಡಲೇ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ಗೂಡು ಕಟ್ಟಿ ಬೆಳೆಯೇ ಕೆಡುತ್ತದಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ರಾಜ ಕಿರೀಟ ಸಮೇತ ಜಿಗಿದು ಓಡಿದ. “ನಮ್ಮನೇಲೂ ಅಂಗೇ ಮೇಡಂ!” ಎಂದು ಇಡೀ ಕಾಡು ಎದ್ದು ಹೊರಟಿತು. ಹಿಂದೆಯೇ ಪ್ರೇಕ್ಷಕರು. ಊರಿನವರೇ ಆದ ಹೆಡ್‌ಮಾಸ್ಟರರು, “ನಮ್ದೂ ಒಸಿ ಐತೆ ಮೇಡಂ,” ಎಂದು ಜಾರಿದರು.

“ನಿಮ್ಮ ಮನೇಲಿ ಹುಳ ಇಲ್ವಲ್ಲೇ!” ಎಂದು ಸಾನಿಯಾಳ ಕೈ ಹಿಡಿದೆ.

“ಇಲ್ಲ ಮೇಡಂ, ಆದ್ರೆ ಒಬ್ಳೇ ಹೆಂಗೆ ಹಾಡ್ಲಿ? ಪಕ್ಕದ್ಮನೆಯೋರ್ಗೆ ಆಯ್ದುಕೊಡ್ತೀನಿ,” ಎಂದು ಅವಳೂ ಓಡಿದಳು.

ಅಳು ಬಂತು. ಆದರೆ ಸಾಹೇಬರು ಮಾತ್ರ ಕುರ್ಚಿ ಬಿಟ್ಟು ಕದಲಲಿಲ್ಲ. ಎಂಥ ಕಲಾಭಿಮಾನ! ಸೆರಗು ಸಿಕ್ಕಿಸಿ ನಾನೇ ವೇದಿಕೆ ಹತ್ತಿದೆ. ರಾಜನಾದೆ, ರಾಣಿಯಾದೆ, ಯುಗಳಗೀತೆಯನ್ನೂ ಒಬ್ಬಳೇ ಹಾಡಿದೆ. ಕಾಡಾಗಿ ಕೈ ಬೀಸಿದೆ. ಸಾಹೇಬರು ಕೊನೆಯವರೆಗೂ ಕುಳಿತಿದ್ದರು!

ಏದುಸಿರು ಬಿಡುತ್ತ ಹೋಗಿ ಕೈ ಮುಗಿದೆ. “ಸರ್, ರಾಮನಗರಕ್ಕೆ...?”

“ನಾನೂ ಅಲ್ಲಿಗೇ ಹೋಗ್ಬೇಕಮ್ಮ,” ಎಂದರು ದೀನರಾಗಿ. “ನಮ್ಮ ಡ್ರೈವರ್ ಈ ಊರಿನ ಅಳಿಯ. ಜೀಪಿನ ಕೀ ಜೇಬಲ್ಲಿಟ್ಕೊಂಡು ಮಾವನ ಮನೇಲಿ ಹುಳ ಆಯ್ತಾ ಇದಾನೆ. ಒಸಿ ಕರೆಸಿ. ನೀವು ಇನ್ನೊಂದು ಹಾಡು ಶುರು ಮಾಡೋ ಮುಂಚೆ!”

ಓಡಿದೆ. ಅಂದು ನಾನು ಮಾಡಿದ ಕೆಲಸಗಳಲ್ಲಿ ಸಾಹೇಬರು ಮನಸಾರೆ ಮೆಚ್ಚಿಕೊಂಡದ್ದು ಅದೊಂದನ್ನೇ.