ಅಣ್ಣನ ಅಂಗಿ ಮತ್ತು ಮುಚ್ಚದ ಟ್ಯಾಬು

ಒಂದೇ ಕೆಲಸಕ್ಕೆ ಇಬ್ಬರು ಒಮ್ಮೆಗೇ ಕೈಹಾಕಿದರೆ ಏನಾಗುತ್ತದೆ ಎಂಬುದನ್ನು ನಾನು ಇಂಜಿನಿಯರಿಂಗ್ ಕಾಲೇಜಿಗಿಂತ ಆಳಂದದ ಟೇಲರ್ ಅಂಗಡಿಯಲ್ಲೇ ಹೆಚ್ಚು ಕಲಿತೆ. ಇಂಥವೆಲ್ಲ ನನಗೇ ಯಾಕೆ ಗಂಟುಬೀಳುತ್ತವೋ! ನಮ್ಮ ಓಣಿಯ ಟೇಲರ್ ಮಾಸ್ತರರಿಗೆ, ನೆಟ್ ಇಲ್ಲದಾಗಲೂ ನಡೆಯಲೆಂದು, ಗಿರಾಕಿಗಳ ಅಳತೆಯನ್ನು ಬ್ರೌಸರಿನೊಳಗೇ ಇಟ್ಟುಕೊಳ್ಳುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದೇ ಹೊತ್ತಿಗೆ ನಮ್ಮಣ್ಣನಿಗೆ ಜೇವರ್ಗಿಗೆ ಕನ್ಯೆ ನೋಡಲು ಹೋಗಲಿಕ್ಕೆ ಹೊಸ ಅಂಗಿ ಬೇಕಾಯಿತು.

1. ಇಬ್ಬರಿಗೂ ನಲವತ್ತೊಂದು

ಅಂದು ಲ್ಯಾಪ್‌ಟಾಪಿನಲ್ಲಿ ಮಾಸ್ತರರು ಅಣ್ಣನಿಗೆಂದು ತೆರೆದ ಬ್ರೌಸರ್ ಟ್ಯಾಬೊಂದು, ಹೆಂಗಸರ ಅಳತೆ ತೆಗೆಯುವ ಅವರ ಹೆಂಡತಿ ತನ್ನ ಗಿರಾಕಿಗೆಂದು ತೆರೆದದ್ದೊಂದು. ಎರಡೂ ಒಮ್ಮೆಗೇ ಮುಂದಿನ ಗಿರಾಕಿ ನಂಬರು ಕೇಳಿದವು, ಎರಡಕ್ಕೂ ನಲವತ್ತೊಂದೇ ಸಿಕ್ಕಿತು. ಅಣ್ಣನ ಅಳತೆ ಅಳಿಸಿಹೋಗಿ ಅಲ್ಲಿ ಅಫಜಲಪುರದ ಶಾಲೆಯ ಅಕ್ಕೋರೊಬ್ಬರ ಬ್ಲೌಸಿನ ಅಳತೆ ಕೂತಿತು. ಹೊಲಿದ ಅಂಗಿ ಹೊಕ್ಕುಳನ್ನೂ ಮುಟ್ಟಲಿಲ್ಲ. ಅಣ್ಣ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಾಡಿದ.

“ಕತ್ತರಸೂ ಮುಂದ ನನಗೂ ಶಕ್ ಬಂದಿತ್ತು ಬೇಟಿ,” ಎಂದರು ಮಾಸ್ತರರು. “ಆದ್ರ ಕಂಪ್ಯೂಟರ್ ಹೇಳಿದ ಮ್ಯಾಲ ನಡುವ ಬಾಯಿ ಹಾಕಾಕ ನಾ ಯಾಂವ?”

2. ಬಾಗಿಲಲ್ಲೇ ನಿಂತ ಹೊಸದು

ಕೂಗಾಟದ ಸುದ್ದಿ ಜೇವರ್ಗಿ ಮುಟ್ಟಿತು. “ಹುಡುಗ ಭಾಳ ಸಿಟ್ಟಿನಂವ ಅಂತಲ್ರಿ? ವಿಚಾರ ಮಾಡಿ ಹೇಳ್ತೇವಿ,” ಎಂದು ಕನ್ಯೆಯ ತಂದೆ ಫೋನಿಟ್ಟರು. ಅವ್ವ ಊಟ ಬಿಟ್ಟಳು. ತಪ್ಪು ನನ್ನದೇ, ಮುಖ ತೋರಿಸಲಾಗಲಿಲ್ಲ.

ಹೊಸ ಆವೃತ್ತಿ ಬರೆದೆ. ಒಬ್ಬರ ಅಳತೆ ಮುಗಿಯುವ ತನಕ ಇನ್ನೊಬ್ಬರದ್ದು ಕಾಯಬೇಕು. ನಡುವೆ ಬಿಟ್ಟುಹೋದರೆ ಬರೆದಷ್ಟೂ ರದ್ದು, ಮತ್ತೆ ಮೊದಲಿನಿಂದ. ಆದರೆ ಹಳೆಯ ಟ್ಯಾಬು ಒಂದು ತೆರೆದಿದ್ದರೂ ಬ್ರೌಸರು ಹೊಸದನ್ನು ಒಳಗೆ ಬಿಡುವುದಿಲ್ಲ. ಮಾಸ್ತರರೋ ಗಿರಾಕಿಗೊಂದು ಟ್ಯಾಬು ತೆರೆದಿಡುವವರು. ಉಳಿದವನ್ನು ಹೇಗೋ ಮುಚ್ಚಿಸಿದೆ, ಒಂದನ್ನಂತೂ ಮುಚ್ಚಲೊಲ್ಲರು.

“ಅಫಜಲಪುರದ ಅಕ್ಕೋರು ಬ್ಲೌಸ್ ಒಯ್ದಿಲ್ಲ ಬೇಟಿ. ಬಟ್ಟಿ ಒಯ್ಯೂತನಾ ಅವರ ಟ್ಯಾಬ್ ಮುಚ್ಚಂಗಿಲ್ಲ.”

ಬ್ಲೌಸು ಹಿಡಿದು ನಾನೇ ಅಫಜಲಪುರದ ಬಸ್ಸು ಹತ್ತಿದೆ. ಅಕ್ಕೋರು ತೊಟ್ಟು ನೋಡಿ, “ಬಿಗಿ ಆಗ್ಯಾದವ್ವ, ಹೊಸದಾಗಿ ಅಳತಿ ತಗೋರಿ ಅಂತ ಮಾಸ್ತರಗ ಹೇಳು,” ಎಂದರು. ಫೋನಿನಲ್ಲಿ ಮಾಸ್ತರರು ಖುಷಿಯಿಂದ, “ಹಂಗಾದ್ರ ಇನ್ನೊಂದು ಟ್ಯಾಬ್ ತೆಗೀತೇನಿ!”

ಬೇಡಪ್ಪಾ ಎಂದು ಅಲ್ಲೇ ಕೂತು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಆಗ ಮಾಸ್ತರರು ಆ ಟ್ಯಾಬು ಮುಚ್ಚಿದರು, ಹೊಸ ಆವೃತ್ತಿ ಒಳಗೆ ಬಂತು. ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಲು ಸೂಜಿ ಹಿಡಿದ ಇಂಜಿನಿಯರು ನಾನೊಬ್ಬಳೇ ಇರಬೇಕು.

3. ತುಟಿ ಬಿಚ್ಚದ ವರ

ಮರುದಿನ ಅಣ್ಣ ಹೊಸ ಅಳತೆ ಕೊಡಲು ಅಂಗಡಿಯಲ್ಲಿ ಎರಡೂ ಕೈ ಚಾಚಿ ನಿಂತ. ಅಷ್ಟರಲ್ಲಿ ಹೇಳದೆ ಕೇಳದೆ ಕನ್ಯೆಯ ತಂದೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಹುಡುಗನ ಸಿಟ್ಟನ್ನು ಕಣ್ಣಾರೆ ನೋಡಲು ಬಂದಿದ್ದಾರೆಂದು ನನಗೆ ತಕ್ಷಣ ಹೊಳೆಯಿತು.

ಮಾಸ್ತರರು ಕುತ್ತಿಗೆ ಅಳೆದರು, ಎದೆ ಅಳೆದರು. ಫೋನು ಬಂತು. ಮಾತಾಡಿ ಬರುವಷ್ಟರಲ್ಲಿ ನನ್ನ ಪ್ರೋಗ್ರಾಂ ಬರೆದದ್ದನ್ನೆಲ್ಲ ರದ್ದು ಮಾಡಿತ್ತು. ಮತ್ತೆ ಕುತ್ತಿಗೆ, ಮತ್ತೆ ಎದೆ, ಮತ್ತೆ ಫೋನು. ಹೀಗೆ ನಾಲ್ಕು ಸಲ. ಅಣ್ಣನ ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ಬಂತು, ಆದರೂ ತುಟಿ ಪಿಟಕ್ಕೆನ್ನಲಿಲ್ಲ.

ಹಿರಿಯರು ಎದ್ದು ಅವನ ಬೆನ್ನು ತಟ್ಟಿದರು. “ನಾಲ್ಕು ಸಲ ನಿಲ್ಲಿಸಿದ್ರೂ ಒಂದ್ ಮಾತು ಆಡ್ಲಿಲ್ಲ! ಇಂಥ ಸಮಾಧಾನದ ಹುಡುಗ ಎಲ್ಲಿ ಸಿಗ್ತಾನ? ನಿಮ್ಮವ್ವಗ ಹೇಳವ್ವಾ, ನಮ್ಮ ಕಡಿಂದ ಪಕ್ಕಾ.”

ಅವರು ಓಣಿಯ ತಿರುವು ದಾಟಿದ್ದೇ ತಡ, ಅಣ್ಣ ಚರಂಡಿಗೆ ಓಡಿದ. ಅವರು ಒಳಗೆ ಬರುವ ಮೊದಲಷ್ಟೇ ಬಾಯಿ ತುಂಬ ಗುಟ್ಕಾ ಹಾಕಿಕೊಂಡಿದ್ದನಂತೆ.