ಕೂತು ಆಡುವ ಆಟ

ಎಂಟನೇ ತರಗತಿಗೆ ಬಂದವರೆಲ್ಲ ಹೊಸದೊಂದು ಚಟುವಟಿಕೆಗೆ ಸೇರಲೇಬೇಕು ಎಂದು ಹೆಡ್‌ಮಿಸ್ ಹೇಳಿದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಮನೆಯಲ್ಲಿ ತಲೆಗೊಂದು ಸಲಹೆ ಹುಟ್ಟಿತು. ಅಜ್ಜಿ ಸಂಗೀತ ಅಂದರು, ಅಪ್ಪ ಭಾಷಣ ಅಂದರು. ಪಕ್ಕದ ಮನೆಯ ಟೈಲರಮ್ಮ ಕಾಂಪೌಂಡಿನ ಆಚೆಯಿಂದಲೇ, "ಕರಾಟೆಗೆ ಹಾಕಿ, ಮುಂದೆ ಗಂಡನ ಮನೇಲಿ ಉಪಯೋಗಕ್ಕೆ ಬರುತ್ತೆ" ಅಂದರು. ಮಂದಾಕಿನಿ ಎಲ್ಲರ ಮಾತಿಗೂ ತಲೆಯಾಡಿಸಿ, ಚೆಸ್ ಆರಿಸಿಕೊಂಡಳು.

ಮಂದಾಕಿನಿ ಅವಳ ನಿಜವಾದ ಹೆಸರಲ್ಲ. ನೀರು ಕೇಳಿದರೆ ಬಾಯಾರಿಕೆ ಮರೆತುಹೋದ ಮೇಲೆ ಲೋಟ ತರುವ ತಂಗಿಗೆ ಅಣ್ಣ ಕೊಟ್ಟ ಬಿರುದು.

"ಚೆಸ್ಸೇ ಯಾಕೆ?" ಎಂದು ಅವನು ಕೇಳಿದ.

"ಕೂತ್ಕೊಂಡು ಆಡಬಹುದು. ಬೇಗ ಬೇಗ ಅಂತ ಯಾರೂ ಅನ್ನಲ್ಲ."

ಇಷ್ಟು ದಿನ ಅಣ್ಣನ ಹಳೇ ಸೈಕಲ್ಲು, ಅಣ್ಣನ ಹಳೇ ಪುಸ್ತಕಗಳೇ ಅವಳ ಪಾಲಿಗೆ ಬಂದಿದ್ದವು. ತಾನಾಗಿ ಆರಿಸಿಕೊಂಡದ್ದು ಇದೊಂದೇ.

ಚೆಸ್ ಕ್ಲಬ್ಬು ಎರಡನೇ ಮಹಡಿಯ ಮೂಲೆಯಲ್ಲಿ, ಬೀರುವಿಗೆ ಕಿಟಕಿ ಇಟ್ಟಂಥ ಕೋಣೆಯಲ್ಲಿತ್ತು. ಭೂಗೋಳದ ಮೇಷ್ಟ್ರು ಅದರ ಉಸ್ತುವಾರಿ. ಮಂದಾಕಿನಿ ಅದರ ಏಕೈಕ ಸದಸ್ಯೆ.

"ಕೊನೇ ಪಿರಿಯಡ್‌ಗೆ ಹೆಡ್‌ಮಿಸ್ ಬರ್ತಾರೆ. ಆಟ ನಡೀತಿಲ್ಲ ಅಂದ್ರೆ ಈ ರೂಮು ಬ್ಯಾಂಡಿನವರಿಗೆ" ಎನ್ನುತ್ತ ಮೇಷ್ಟ್ರು ಪೆಟ್ಟಿಗೆ ತೆರೆದರು. ಒಂದು ಕುದುರೆ, ಒಂದು ಆನೆ, ಕರಿ ರಾಣಿ, ಮೂರೂ ನಾಪತ್ತೆ. "ನನ್ನ ಮಂಡಿ ಮೆಟ್ಟಿಲು ಅಂದ್ರೆ ಮುನಿಸ್ಕೊಳ್ಳುತ್ತೆ ಮಗಳೇ. ನೀನೇ ಒಂಚೂರು ಹುಡುಕು."

ಕುದುರೆ ಕೆಳಮಹಡಿಯಲ್ಲಿ ವಿಜ್ಞಾನದ ಮಿಸ್ಸಿನ ಮೇಜಿನ ಮೇಲೆ, ಕಾಗದಗಳು ಹಾರಿಹೋಗದಂತೆ ಭಾರವಾಗಿ ಕೂತಿತ್ತು. "ಭಾರಕ್ಕೆ ಬೇರೇನಾದ್ರೂ ತಂದಿಟ್ಟು ತಗೊಂಡು ಹೋಗು" ಎಂದರು ಮಿಸ್ಸು. ಮಂದಾಕಿನಿ ಮೈದಾನಕ್ಕೆ ಓಡಿ ಕಲ್ಲು ತಂದಳು. ಆನೆ ಲೈಬ್ರರಿಯ ಕಿಟಕಿಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. "ತೆಗೆದ್ರೆ ಕಿಟಕಿ ಬಡ್ಕೊಳ್ಳುತ್ತೆ" ಎಂದರು ಲೈಬ್ರರಿಯವರು. ಮತ್ತೆ ಮೈದಾನ, ಮತ್ತೊಂದು ಕಲ್ಲು. ಅಷ್ಟರಲ್ಲಿ ಅವಳ ಜಡೆ ಬಿಚ್ಚಿ, ಮುಖ ಕುಕ್ಕರಿನ ಮುಚ್ಚಳದಂತೆ ಹಬೆಯಾಡುತ್ತಿತ್ತು.

ಕರಿ ರಾಣಿ ಸಿಕ್ಕಿದ್ದು ಮೈದಾನದ ಆಚೆ, ಒಂದನೇ ತರಗತಿಯಲ್ಲಿ. ಪುಟಾಣಿ ಹುಡುಗಿಯೊಬ್ಬಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ಮೆಲ್ಲಗೆ ಮಾತಾಡಕ್ಕ. ಇವಳಿಗೆ ಜ್ವರ."

ಮಂದಾಕಿನಿ ರಾಣಿಯ ಹಣೆ ಮುಟ್ಟಿ ನೋಡಿದಳು. "ಹೌದಲ್ಲ, ಸುಡ್ತಾ ಇದೆ. ಎರಡನೇ ಮಹಡೀಲಿ ಆಸ್ಪತ್ರೆ ಇದೆ, ಸೇರಿಸೋಣ್ವಾ?"

ಮಗು ಗಾಬರಿಯಿಂದ ರಾಣಿಯನ್ನು ಅವಳ ಕೈಗಿತ್ತಿತು. "ಹಾಗಾದ್ರೆ ನಿಂತಿದ್ದೀಯಲ್ಲ, ಓಡಕ್ಕ."

ಅಷ್ಟರಲ್ಲಿ ಕೊನೇ ಪಿರಿಯಡ್ಡಿನ ಗಂಟೆಯೂ ಹೊಡೆಯಿತು. ಮಂದಾಕಿನಿ ಬಾಲಕ್ಕೆ ಬೆಂಕಿ ಹತ್ತಿದ ಬೆಕ್ಕಿನಂತೆ ಮೈದಾನ ದಾಟಿ, ಎರಡೆರಡು ಮೆಟ್ಟಿಲು ಹಾರಿ, ಹೆಡ್‌ಮಿಸ್ಸಿನ ಪಕ್ಕದಲ್ಲೇ ನುಸುಳಿ ಕೋಣೆಗೆ ನುಗ್ಗಿದಳು. ರಾಣಿಯನ್ನು ಅದರ ಮನೆಯಲ್ಲಿಟ್ಟಳು.

"ಎದುರಾಳಿ ಎಲ್ಲಿ?" ಎಂದರು ಹೆಡ್‌ಮಿಸ್. ಮೇಷ್ಟ್ರು ತಲೆ ಕೆರೆದುಕೊಂಡರು. "ಸರಿ, ನಾನೇ ಕೂರ್ತೀನಿ" ಎಂದು ಹೆಡ್‌ಮಿಸ್ಸೇ ಕುರ್ಚಿ ಎಳೆದುಕೊಂಡರು.

ಮಂದಾಕಿನಿ ಸೋತಳು. ಆದರೆ ನಡುವೆ ಒಮ್ಮೆ, ಬಹಳ ಹೊತ್ತು ಯೋಚಿಸಿ, ಹೆಡ್‌ಮಿಸ್ಸಿನ ಕುದುರೆಯನ್ನು ಹೊಡೆದಳು. ತಡಮಾಡಿದ್ದಕ್ಕೆ ಯಾರೂ ಗದರಲಿಲ್ಲ. ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

"ಯೋಚನೆ ಮಾಡಿ ಆಡ್ತಾಳೆ. ರೂಮು ನಿಮಗೇ ಇರಲಿ" ಎಂದು ಹೆಡ್‌ಮಿಸ್ ಏಳುವಾಗ, ಪಿ.ಟಿ. ಮೇಷ್ಟ್ರು ಏದುಸಿರು ಬಿಡುತ್ತ ಬಾಗಿಲಿಗೆ ಒರಗಿದರು.

"ಸಿಕ್ಕಿದಳಾ? ಮೈದಾನದಿಂದ ಇವಳ ಬೆನ್ನು ಹತ್ತಿದೆ ಮೇಡಂ, ಕೈಗೇ ಸಿಗ್ಲಿಲ್ಲ. ಆಗಿಂದ ಒಂದೊಂದೇ ಕ್ಲಾಸು ಹುಡುಕ್ತಾ ಬಂದೆ. ಓಟದ ತಂಡಕ್ಕೆ ಈ ಹುಡುಗಿ ಬೇಕೇ ಬೇಕು."

"ಅದಕ್ಕೇನು, ದಿನಾ ಬೆಳಗ್ಗೆ ಓಡ್ಲಿ, ಸಂಜೆ ಚೆಸ್ ಆಡ್ಲಿ" ಎಂದು ಹೆಡ್‌ಮಿಸ್ ಅಲ್ಲೇ ತೀರ್ಮಾನ ಕೊಟ್ಟರು.

ಮಂದಾಕಿನಿ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಹೊರಟೂ ಹೋಗಿದ್ದರು.

"ಅಲ್ಲ ಮಗಳೇ, ಹೀಗೆ ಓಡೋದನ್ನ ಎಲ್ಲಿ ಕಲಿತೆ?" ಪಿ.ಟಿ. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಕೇಳಿದರು.

"ಚೆಸ್ ಕ್ಲಬ್ಬಲ್ಲಿ ಸರ್" ಎಂದಳು ಮಂದಾಕಿನಿ. "ಇವತ್ತೇ ಸೇರಿದ್ದು."