ಸಮಸ್ಯೆ ಕೊಟ್ಟವನಿಗೇ ವರ್ಗಾವಣೆ

ಮೇಷ್ಟ್ರು ಪ್ರಶ್ನೆ ಕೇಳಿದರೆ ಹುಡುಗರು ಬೆವರೋದು ಲೋಕರೂಢಿ. ನಾನು ಕೇಳಿದಾಗಲೆಲ್ಲ ಬೆವರಿದವರು ದೊಡ್ಡವರು, ಗಂಟುಮೂಟೆ ಕಟ್ಟಿದವಳು ನನ್ನ ಹೆಂಡತಿ. ಎಪ್ಪತ್ತರ ದಶಕದ ಕೊನೆಗೆ ನಮಗೆ, ವಿಜ್ಞಾನದ ಮೇಷ್ಟ್ರುಗಳಿಗೆ, ಒಂದು ತರಬೇತಿ ಕೊಟ್ಟರು. "ಮಕ್ಕಳಿಗೆ ಉತ್ತರ ಹೇಳಬೇಡಿ, ಸಮಸ್ಯೆ ಕೊಡಿ, ಅವರೇ ಕಂಡುಹಿಡೀಲಿ" ಅಂದರು. ಹೇಳಿದ್ದನ್ನು ಮಾಡಿದ್ದೇ ನನ್ನ ಅಪರಾಧ ಕಣ್ರೀ!

ಚನ್ನಗಿರಿಯ ಗಡಿಯಾರ

ಎಂಟನೇ ಕ್ಲಾಸಿಗೆ ಕೊಟ್ಟ ಸಮಸ್ಯೆ: ನಡುಮಧ್ಯಾಹ್ನ ಯಾವಾಗ? ಹುಡುಗರು ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆದರು. ನೆರಳು ತೀರಾ ಗಿಡ್ಡವಾದಾಗ ಶಾಲೆಯ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತೈದು. ಸೂರ್ಯ ತಪ್ಪುತ್ತಾನಾ? ಗಡಿಯಾರದ್ದೇ ತಪ್ಪು ಅಂತ, ನನಗೂ ಹೇಳದೆ, ಬೆಂಚು ಹತ್ತಿ ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸಿಬಿಟ್ಟರು. ಸಂಜೆ ಗಂಟೆ ಇಪ್ಪತ್ತೈದು ನಿಮಿಷ ತಡವಾಗಿ ಹೊಡೆಯುವಷ್ಟರಲ್ಲಿ ಬಸವಾಪಟ್ಟಣದ ಬಸ್ಸು ಹೋಗಿಯಾಗಿತ್ತು. ದಿನಾ ಅದರಲ್ಲೇ ಮನೆಗೆ ಹೋಗುವ ಹೆಡ್‌ಮಾಸ್ತರು ನನ್ನ ಮೇಲೆ ಹರಿಹಾಯ್ದರು.

"ಸಾರ್, ಹುಡುಗರು ಸೂರ್ಯನ್ನ ನೋಡಿ ಲೆಕ್ಕ ಹಾಕ್ಯಾರೆ" ಅಂದೆ.

"ಸೂರ್ಯಂಗೇನ್ರಿ, ಅವನು ನಡ್ಕಂಡು ಹೋಗ್ತಾನೆ. ನಾನು ಬಸ್ಸಿಗೆ ಹೋಗಬೇಕು!"

ನ್ಯಾಮತಿಯ ಸೊಳ್ಳೆ

ವರ್ಗವಾಗಿ ನ್ಯಾಮತಿಗೆ ಬಂದೆ. ಇಲ್ಲಿ ಕೊಟ್ಟದ್ದು, ಸೊಳ್ಳೆ ಎಲ್ಲಿ ಹುಟ್ಟುತ್ತೆ? ಮಕ್ಕಳು ಮನೆಮನೆಯ ತೊಟ್ಟಿ ನೀರನ್ನು ಬಾಟಲಿಯಲ್ಲಿ ತಂದು, ಮೇಲೆ ಮನೆಯವರ ಹೆಸರು ಅಂಟಿಸಿ, ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಹುಳ ಹೆಚ್ಚಿದ್ದದ್ದು ಶಾಲಾ ಸಮಿತಿ ಅಧ್ಯಕ್ಷರ ಬಾಟಲಿಯಲ್ಲಿ. ಊರೇ ಬಂದು ನೋಡಿ ನಕ್ಕಿತು. ಅಧ್ಯಕ್ಷರೂ ಬಂದರು.

"ರೀ ಮೇಷ್ಟ್ರೇ, ಈ ಹುಳ ನಮ್ಮನೇವೇ ಅನ್ನಾಕೆ ಏನು ಸಾಕ್ಷಿ ಐತೆ? ಬ್ಯಾರೆಯೋರ ಮನೆಯಿಂದ ನೆಂಟರಾಗಿ ಬಂದಿರಬಾರದಾ?"

ನೆಂಟರು ಉಳಿದರು, ನಾನು ಹೊರಟೆ. ಟ್ರಂಕು ಕಟ್ಟುತ್ತಾ ಹೆಂಡತಿ ಖಡಾಖಂಡಿತ ಹೇಳಿದಳು: "ನೋಡ್ರಿ, ಇನ್ನೊಂದು ಸಲ ಹಿಂಗಾದ್ರೆ ನಾನು ಸೀದಾ ಸಂತೇಬೆನ್ನೂರಿಗೆ, ತವರಿಗೆ."

ಹೊನ್ನಾಳಿಯ ಹಾಲು

ಹೊನ್ನಾಳಿಯಲ್ಲಿ ಹುಷಾರಾಗಿದ್ದೆ, ಆಣೆ. ಹಾಲಿನಲ್ಲಿ ನೀರು ಬೆರೆತಿದೆಯಾ ಅಂತ ತೋರಿಸುವ ಗಾಜಿನ ಕೊಳವೆ, ಲ್ಯಾಕ್ಟೋಮೀಟರು, ಬೀರುವಿನಲ್ಲಿ ಧೂಳು ತಿನ್ನುತ್ತಿತ್ತು. ಹುಡುಗಿಯರ ಕೈಗೆ ಕೊಟ್ಟೆ, ಅಷ್ಟೇ. ಹತ್ತಿರ ಸಿಕ್ಕ ಹಾಲು ಮೇಷ್ಟ್ರುಗಳ ಚಹಾದ್ದು. ಗಟ್ಟಿ ಹಾಲಲ್ಲಿ ತೇಲಬೇಕಾದ ಕೊಳವೆ ಬುಳಕ್ಕನೆ ಮುಳುಗಿತು. ಆ ಹಾಲು ಕೊಡುತ್ತಿದ್ದವರು ನಮ್ಮ ಹೆಡ್‌ಮಾಸ್ತರೇ!

"ಹಸ ದಿನಾ ಬಕೀಟುಗಟ್ಟಲೆ ನೀರು ಕುಡೀತೈತೆ. ಅದು ಎಲ್ಲಿಗೆ ಹೋಗಬೇಕ್ರಿ?" ಅಂತ ನನ್ನನ್ನೇ ಕೇಳಿದರು.

ನೀರು ಬೆರೆಸಿದವರಿಗೆ ಕುರ್ಚಿ, ಅಳೆಸಿದವನಿಗೆ ವರ್ಗ! ಇದ್ಯಾವ ಸೀಮೆ ನ್ಯಾಯ? ಈಗಲೂ ನೆನೆದರೆ ಮೈ ಉರಿಯುತ್ತೆ.

ಜಗಳೂರಿನ ಕೊಡ

ಅತ್ತೆ-ಮಾವನ ಕೈಕಾಲು ಹಿಡಿದು, ಹೇಳಿದಂತೆ ತವರು ಸೇರಿದ್ದ ಹೆಂಡತಿಯನ್ನು ಜಗಳೂರಿಗೆ ಕರೆತಂದೆ. ಮುಖ ಊದಿಸಿಕೊಂಡೇ ಬಂದಳು. ಅಲ್ಲಿನ ಹೆಡ್‌ಮಾಸ್ತರಿಗೆ ನನ್ನ ಕಥೆಯೆಲ್ಲ ಮೊದಲೇ ಮುಟ್ಟಿತ್ತು.

"ಬರ್ರಿ, ಬರ್ರಿ. ಏನು ಸಮಸ್ಯೆ ಬೇಕಾದ್ರೂ ಕೊಡ್ರಿ, ಇಲ್ಲಿ ಯಾರೂ ನಿಮ್ಮನ್ನ ವರ್ಗ ಮಾಡ್ಸಲ್ಲ. ಸೊಳ್ಳೆ ಹುಟ್ಟಾಕೆ, ಹಾಲಿಗೆ ಬೆರೆಸಾಕೆ ಈ ಊರಾಗೆ ನೀರೇ ಇಲ್ಲ!"

ಕುಣಿಯುತ್ತಾ ಮನೆಗೆ ಬಂದು ಹೇಳಿದೆ. ಹೆಂಡತಿ ಖಾಲಿ ಕೊಡವನ್ನು ನನ್ನ ಮುಂದೆ ಕುಕ್ಕಿದಳು.

"ಹಂಗಾದ್ರೆ ಅನ್ನಕ್ಕೆ ಎಸರು ಹೆಂಗೆ ಇಡಲಿ? ಈ ಸಮಸ್ಯೆನೂ ನಿಮ್ಮ ಹುಡುಗರಿಗೇ ಕೊಡ್ರಿ. ಅವರು ಉತ್ತರ ಕಂಡುಹಿಡಿದ ಮ್ಯಾಲೆ ನನ್ನನ್ನ ತವರಿಂದ ಕರ್ಕಂಡು ಬರ್ರಿ!"